ಅರ್ಧ ವ್ಯಾಟಿನ ಕೆಲಸಕ್ಕೆ ಅರ್ಧ ಎಚ್‌ಪಿ ಮೋಟರ್ ಬೇಕೆ?

ಹಾರ್ಡ್‌ವೇರ್ ಅಂಗಡಿಗೆ ಹೋಗಿ ‘ಒಂದು ಪಂಪ್ ಬೇಕಿತ್ತು’ ಎಂದರೆ ಮೊದಲು ಬರುವ ಪ್ರಶ್ನೆ ‘ಎಷ್ಟು ಎಚ್‌ಪಿ?’ ಸಂಪಿನಿಂದ ತಾರಸಿಯ ಟ್ಯಾಂಕಿಗೆ ನೀರೇರಿಸುವವರಿಗೆ, ತೋಟಕ್ಕೆ ನೀರು ಹಾಯಿಸುವವರಿಗೆ ಅದು ಸರಿಯಾದ ಪ್ರಶ್ನೆ. ಮನೆಯಲ್ಲೇ ಕೈಯಾರೆ ಸೋಲಾರ್ ವಾಟರ್ ಹೀಟರ್ ಕಟ್ಟಿಕೊಂಡು, ಅದರೊಳಗೆ ನೀರು ಸುತ್ತಿಸಲು ಪಂಪ್ ಹುಡುಕುವವರನ್ನು ಮಾತ್ರ ಅದೇ ಪ್ರಶ್ನೆ ದಾರಿ ತಪ್ಪಿಸುತ್ತದೆ. ಅವರ ಕೆಲಸ ಎಚ್‌ಪಿಯಲ್ಲಿ ಅಳೆಯುವಷ್ಟು ದೊಡ್ಡದಲ್ಲ. ಮೂರು ನಾಲ್ಕು ಜನರ ಸ್ನಾನಕ್ಕೆ ಸಾಲುವ ಒಂದು ಫಲಕದಲ್ಲಿ ನೀರನ್ನು ಸುತ್ತಿಸಲು ನೀರಿಗೆ ಕೊಡಬೇಕಾದ ಶಕ್ತಿ ಅರ್ಧ ವ್ಯಾಟಿಗಿಂತ ಕಡಿಮೆ. ಅರ್ಧ ಎಚ್‌ಪಿ ಎಂದರೆ 373 ವ್ಯಾಟ್. ಈ ಎರಡು ಅಂಕಿಗಳ ನಡುವಿನ ಅಂತರ ಗೊತ್ತಿಲ್ಲದೆ ಪಂಪ್ ಕೊಂಡವರು ಬಿಸಿಲಿನಿಂದ ಪುಕ್ಕಟೆ ಬಂದ ಶಾಖದ ಅರ್ಧ ಪಾಲನ್ನು ಕರೆಂಟ್ ಬಿಲ್ಲಿನಲ್ಲಿ ವಾಪಸು ಕಟ್ಟುತ್ತಾರೆ.

ಪಂಪ್ ಬೇಕೇ ಬೇಕೆ ಎನ್ನುವುದನ್ನು ಮೊದಲು ನೋಡಬೇಕು. ಬೆಂಗಳೂರಿನ ಯಾವುದೇ ಬಡಾವಣೆಯಲ್ಲಿ ತಾರಸಿ ಹತ್ತಿ ನಿಂತರೆ ದಕ್ಷಿಣಕ್ಕೆ ಓರೆಯಾಗಿ ಮುಖ ಮಾಡಿದ ಫಲಕಗಳು, ಅವುಗಳ ನೆತ್ತಿಯ ಮೇಲೆ ಅಡ್ಡ ಮಲಗಿದ ಟ್ಯಾಂಕುಗಳು ಸಾಲಾಗಿ ಕಾಣುತ್ತವೆ. ಇವುಗಳಲ್ಲಿ ಬಹುಪಾಲಿಗೆ ಪಂಪೇ ಇಲ್ಲ. ಫಲಕದಲ್ಲಿ ಕಾದ ನೀರು ಹಗುರಾಗಿ ತಾನಾಗಿಯೇ ಮೇಲೇರಿ ಟ್ಯಾಂಕು ಸೇರುತ್ತದೆ. ಟ್ಯಾಂಕಿನ ತಳದ ತಣ್ಣೀರು ಭಾರಕ್ಕೆ ಕೆಳಗಿಳಿದು ಫಲಕದೊಳಗೆ ಬರುತ್ತದೆ. ಬಿಸಿಲಿರುವ ತನಕ ಸುತ್ತು ನಡೆಯುತ್ತಲೇ ಇರುತ್ತದೆ. ಬಚ್ಚಲ ಹಂಡೆಯಲ್ಲಿ ಉರಿ ಕೆಳಗಿದ್ದರೂ ಸುಡುವ ನೀರು ಮೇಲೆ ಸಿಗುವುದೂ ಇದೇ ಕಾರಣಕ್ಕೆ.

ಈ ಉಪಾಯಕ್ಕೆ ನೂರು ವರ್ಷ ದಾಟಿದೆ. ಅಮೆರಿಕದ ಬಾಲ್ಟಿಮೋರಿನ ಕ್ಲಾರೆನ್ಸ್ ಕೆಂಪ್ 1891ರಲ್ಲಿ ಪೇಟೆಂಟ್ ಪಡೆದ ಹೀಟರಿನಲ್ಲಿ ಟ್ಯಾಂಕೇ ಗಾಜಿನ ಪೆಟ್ಟಿಗೆಯೊಳಗೆ ಕೂತಿರುತ್ತಿತ್ತು. ಹಗಲು ಕಾದ ನೀರು ರಾತ್ರಿ ತಣ್ಣಗಾಗಿಬಿಡುತ್ತಿತ್ತು. ಕ್ಯಾಲಿಫೋರ್ನಿಯಾದ ವಿಲಿಯಂ ಬೈಲಿ 1909ರಲ್ಲಿ ಮಾರಾಟಕ್ಕಿಳಿಸಿದ ‘ಡೇ ಆ್ಯಂಡ್ ನೈಟ್’ ಹೀಟರಿನಲ್ಲಿ ಫಲಕ ಬೇರೆಯಾಯಿತು, ಶಾಖ ಸೋರದಂತೆ ಹೊದಿಕೆ ಹಾಕಿದ ಟ್ಯಾಂಕು ಬೇರೆಯಾಗಿ ಮೇಲಕ್ಕೇರಿತು. ಇಂದು ನಮ್ಮ ತಾರಸಿಗಳ ಮೇಲಿರುವುದು ಬಹುಮಟ್ಟಿಗೆ ಅದೇ ಏರ್ಪಾಟು.

ಆದರೆ ಈ ತಾನಾಗಿ ಸುತ್ತುವ ಬಲ ಬಹಳ ಕ್ಷೀಣ. ಒಂದು ಘನ ಮೀಟರ್ ನೀರು 20 ಡಿಗ್ರಿಯಲ್ಲಿ 998 ಕಿಲೋ ತೂಗುತ್ತದೆ, 60 ಡಿಗ್ರಿಯಲ್ಲಿ 983 ಕಿಲೋ. ಅಂದರೆ ಒಂದು ಮೀಟರ್ ಎತ್ತರದ ತಣ್ಣೀರ ಕಂಬ ಅಷ್ಟೇ ಎತ್ತರದ ಬಿಸಿನೀರ ಕಂಬವನ್ನು ತಳ್ಳುವ ಒತ್ತಡ ಕೇವಲ 15 ಮಿಲಿಮೀಟರ್ ನೀರಿನಷ್ಟು, ಒಂದು ಬೆರಳಗಲ. ಇಷ್ಟರಲ್ಲೇ ಪೈಪಿನ ತಿಕ್ಕಾಟ, ಎಲ್ಬೋಗಳ ತಡೆ ಎಲ್ಲವೂ ನೀಗಬೇಕು. ಅದಕ್ಕೇ ಟ್ಯಾಂಕು ಫಲಕದ ಮೇಲೆಯೇ, ಪಕ್ಕದಲ್ಲೇ ಇರಬೇಕು; ಪೈಪು ದಪ್ಪಗಿರಬೇಕು, ಎಲ್ಲೂ ತಗ್ಗಿ ಏಳದೆ ಏರುಮುಖವಾಗಿಯೇ ಸಾಗಬೇಕು. ಇಷ್ಟು ಒದಗಿಸಬಲ್ಲ ತಾರಸಿಯಿದ್ದರೆ ಪಂಪಿನ ಯೋಚನೆ ಬಿಡುವುದೇ ಒಳ್ಳೆಯದು. ಕೆಡುವ ಭಾಗವೇ ಇಲ್ಲದ ಯಂತ್ರಕ್ಕೆ ಕೆಡುವ ಭಾಗ ಸೇರಿಸುವುದರಲ್ಲಿ ಲಾಭವಿಲ್ಲ.

ಎಲ್ಲರ ಮನೆಗೂ ಅಂಥ ತಾರಸಿ ಇರುವುದಿಲ್ಲ. ಮಲೆನಾಡು, ಕರಾವಳಿಯ ಹಂಚಿನ ಮಾಡಿನ ಮೇಲೆ 100 ಲೀಟರ್ ಟ್ಯಾಂಕು ಕೂರಿಸುವುದೆಂದರೆ ನೀರಿನದೇ 100 ಕಿಲೋ, ಮೇಲೆ ಟ್ಯಾಂಕಿನ ಮತ್ತು ಸ್ಟ್ಯಾಂಡಿನ ಭಾರ. ಹಳೆಯ ರೀಪು ಪಕಾಸಿಗಳಿಗೆ ಅದನ್ನು ಹೊರಿಸಲಾಗದು. ಫಲಕ ಒಂದನ್ನೇ ಆದರೆ ಮಾಡಿನ ಮೇಲೋ, ಅಂಗಳದಂಚಿನಲ್ಲೋ ಇಡಬಹುದು. ಬಿಸಿಲು ಬೀಳುವುದು ಅಂಗಳದಲ್ಲಿ, ನೀರು ಬೇಕಾಗಿರುವುದು ಬಚ್ಚಲಲ್ಲಿ. ನಡುವೆ ಹತ್ತಾರು ಮೀಟರ್ ದೂರ. ಇಂಥ ಕಡೆ ಟ್ಯಾಂಕು ಫಲಕಕ್ಕಿಂತ ಕೆಳಗೆ ಅಥವಾ ದೂರ ಉಳಿಯುತ್ತದೆ. ಹಾಸ್ಟೆಲ್, ಹೋಟೆಲ್, ಆಸ್ಪತ್ರೆಗಳಲ್ಲಿ ಹತ್ತಿಪ್ಪತ್ತು ಫಲಕ ಸೇರಿಸಿ ಒಂದೇ ದೊಡ್ಡ ಟ್ಯಾಂಕಿಗೆ ಜೋಡಿಸಿದಾಗಲೂ ಬೆರಳಗಲದ ಒತ್ತಡ ಸಾಲುವುದಿಲ್ಲ. ಅಲ್ಲಿಗೆ ಪಂಪು ಬೇಕು.

ಲೆಕ್ಕಕ್ಕೆಂದು ಒಂದು ಮನೆಯನ್ನು ಕಲ್ಪಿಸಿಕೊಳ್ಳೋಣ. ಶಿರಸಿ ಕಡೆಯ ಹಂಚಿನ ಮನೆ. ಕೊಟ್ಟಿಗೆಯ ಮಾಡಿನ ಮೇಲೆ 2 ಚದರ ಮೀಟರಿನ ಫಲಕ: ತಾಮ್ರದ ಕೊಳವೆ, ಕಪ್ಪು ಬಣ್ಣ ಬಳಿದ ತಗಡು, ಮೇಲೊಂದು ಗಾಜು. ಬಚ್ಚಲುಮನೆಯಲ್ಲಿ 100 ಲೀಟರ್ ಟ್ಯಾಂಕು. ಹೋಗುವ ಪೈಪು 15 ಮೀಟರ್, ಬರುವ ಪೈಪು 15 ಮೀಟರ್.

ಬಾನು ತಿಳಿಯಾಗಿರುವ ಮಧ್ಯಾಹ್ನ ಒಂದು ಚದರ ಮೀಟರ್ ಮೇಲೆ ಬೀಳುವ ಬಿಸಿಲು ಹೆಚ್ಚುಕಡಿಮೆ 1000 ವ್ಯಾಟ್. ಎರಡು ಚದರ ಮೀಟರಿಗೆ 2000. ಕೈಯಲ್ಲಿ ಮಾಡಿದ ಫಲಕ ಅದರಲ್ಲಿ ಅರ್ಧ ಹಿಡಿದರೂ 1000 ವ್ಯಾಟ್ ನೀರಿಗೆ ಸೇರುತ್ತದೆ. ಒಳ್ಳೆಯ ಬಿಸಿಲಿನ ಇಡೀ ದಿನಕ್ಕೆ ಇದು ಸುಮಾರು 5 ಯೂನಿಟ್. ನೂರು ಲೀಟರ್ ನೀರನ್ನು 20 ಡಿಗ್ರಿಯಿಂದ 60ಕ್ಕೆ ಏರಿಸಲು ಬೇಕಾಗುವುದು 4.65 ಯೂನಿಟ್. ಫಲಕಕ್ಕೂ ಟ್ಯಾಂಕಿಗೂ ಜೋಡಿ ಸರಿಹೋಯಿತು.

ಇನ್ನು ನಿಮಿಷಕ್ಕೆ ಎಷ್ಟು ನೀರು ಹರಿಯಬೇಕು? ಫಲಕಗಳನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸುವಾಗ ಒಂದು ಚದರ ಮೀಟರಿಗೆ ಸೆಕೆಂಡಿಗೆ 0.02 ಕಿಲೋ, ಅಂದರೆ ನಿಮಿಷಕ್ಕೆ ಸುಮಾರು 1.2 ಲೀಟರ್ ಹರಿಸುವುದು ರೂಢಿ. ಮನೆಯ ಲೆಕ್ಕಕ್ಕೆ ಚದರ ಮೀಟರಿಗೆ ನಿಮಿಷಕ್ಕೆ ಒಂದು ಲೀಟರ್ ಎಂದಿಟ್ಟುಕೊಂಡರೆ ಸಾಕು. ನಮ್ಮ ಮನೆಗೆ ನಿಮಿಷಕ್ಕೆ 2 ಲೀಟರ್. ಕೊಳಾಯಿಯನ್ನು ಸಣ್ಣಗೆ ತಿರುಗಿಸಿ ಬಿಟ್ಟರೆ ಬೀಳುವಷ್ಟು. ಈ ಹರಿವಿನಲ್ಲಿ ನೀರು ಫಲಕದೊಳಗೆ ಒಂದು ಸಲ ಹಾದು ಬರುವಾಗ ಮಧ್ಯಾಹ್ನದ ಹೊತ್ತಿಗೆ 7 ಡಿಗ್ರಿ ಏರುತ್ತದೆ.

ಇಲ್ಲಿ ಎರಡು ತಪ್ಪು ತಿಳಿವಳಿಕೆಗಳಿವೆ, ಒಂದಕ್ಕೊಂದು ವಿರುದ್ಧವಾದವು. ‘ನೀರು ಬೇಗ ಬೇಗ ಓಡಿದರೆ ಕಾಯಲು ಪುರುಸೊತ್ತೇ ಇರುವುದಿಲ್ಲ’ ಎನ್ನುವುದು ಒಂದು. ಹರಿವು ಹೆಚ್ಚಾದರೆ ಪ್ರತಿ ಲೀಟರಿಗೆ ಏರುವ ಡಿಗ್ರಿ ಕಡಿಮೆಯಾಗುತ್ತದೆ ನಿಜ, ಆದರೆ ಅಷ್ಟು ಹೆಚ್ಚು ಲೀಟರ್ ಕಾದಿರುತ್ತದೆ. ಒಟ್ಟು ಶಾಖ ಕಡಿಮೆಯಾಗುವುದಿಲ್ಲ. ಫಲಕ ತಂಪಾಗಿರುವುದರಿಂದ ಗಾಳಿಗೆ ಹೋಗುವ ನಷ್ಟ ತಗ್ಗಿ ಕೊಂಚ ಹೆಚ್ಚೇ ಸಿಗುತ್ತದೆ. ಹಾಗಾದರೆ ದೊಡ್ಡ ಪಂಪೇ ಒಳ್ಳೆಯದಲ್ಲವೆ ಎನ್ನುವುದು ಎರಡನೆಯ ತಪ್ಪು. ಆ ಕೊಂಚ ಲಾಭ ನಿಮಿಷಕ್ಕೆ ಎರಡು ಮೂರು ಲೀಟರ್ ದಾಟುವಷ್ಟರಲ್ಲಿ ಮುಗಿದುಹೋಗುತ್ತದೆ. ಅದರಾಚೆ ಏರುವುದು ನಷ್ಟ ಮಾತ್ರ.

ನಷ್ಟ ಮೊದಲು ಕಾಣುವುದು ಟ್ಯಾಂಕಿನಲ್ಲಿ. ಕದಡದೆ ಬಿಟ್ಟ ಟ್ಯಾಂಕಿನಲ್ಲಿ ನೀರು ಪದರ ಪದರವಾಗಿ ನಿಲ್ಲುತ್ತದೆ. ಮೇಲೆ 55 ಡಿಗ್ರಿ, ತಳದಲ್ಲಿ 25 ಡಿಗ್ರಿ ಇರಬಹುದು. ಬೆಳಗ್ಗೆ ಹನ್ನೊಂದಕ್ಕೇ ಯಾರಾದರೂ ಸ್ನಾನಕ್ಕೆ ಹೋದರೆ ಮೇಲಿನ ಎರಡು ಬಕೆಟ್ ಬಿಸಿನೀರು ಅವರಿಗೆ ಸಿಗುತ್ತದೆ. ಫಲಕಕ್ಕೆ ತಳದ ತಣ್ಣೀರು ಹೋಗುವುದರಿಂದ ಅದೂ ಚೆನ್ನಾಗಿ ದುಡಿಯುತ್ತದೆ. ಜೋರಾದ ಪಂಪು ಇದಕ್ಕೆ ಕಡಗೋಲು ಹಾಕಿದಂತೆ ಕಡೆದುಬಿಡುತ್ತದೆ. ಆಗ ಇಡೀ ಟ್ಯಾಂಕು ಉಗುರುಬೆಚ್ಚಗೆ ಒಂದೇ ಸಮ. ಯುರೋಪಿನ ಕೆಲವು ವ್ಯವಸ್ಥೆಗಳಲ್ಲಿ ಈ ಪದರ ಕಾಪಾಡಲೆಂದೇ ಹರಿವನ್ನು ಚದರ ಮೀಟರಿಗೆ ನಿಮಿಷಕ್ಕೆ 0.3 ಲೀಟರಿನ ಆಸುಪಾಸಿಗೆ ಇಳಿಸುತ್ತಾರೆ. ನಮ್ಮ ಫಲಕದಲ್ಲಿ ಅಷ್ಟೇ ಹರಿಸಿದರೆ ನೀರು ಒಂದೇ ಸುತ್ತಿನಲ್ಲಿ 24 ಡಿಗ್ರಿ ಏರಿ ಬರುತ್ತದೆ.

ಹರಿವು ಗೊತ್ತಾಯಿತು. ಉಳಿದದ್ದು ಹೆಡ್, ಅಂದರೆ ಪಂಪು ಮೀರಬೇಕಾದ ಒತ್ತಡವನ್ನು ನೀರಿನ ಎತ್ತರದಲ್ಲಿ ಹೇಳುವ ಅಳತೆ. ಅತಿ ಹೆಚ್ಚು ಜನ ಎಡವುವುದೂ ಇಲ್ಲೇ. ಟ್ಯಾಂಕು ನೆಲದ ಹತ್ತಿರ, ಫಲಕ ಹದಿನೈದು ಅಡಿ ಮೇಲೆ ಎಂದಾಗ ‘ಹದಿನೈದು ಅಡಿ ನೀರೆತ್ತುವ ಪಂಪ್ ಬೇಕು’ ಎಂದು ಯಾರಿಗಾದರೂ ಅನಿಸುತ್ತದೆ. ಬಾವಿಯ ರಾಟೆಯನ್ನು ನೆನೆಸಿಕೊಳ್ಳಿ. ಹಗ್ಗದ ಒಂದು ತುದಿಗೆ ತುಂಬಿದ ಕೊಡ ಕಟ್ಟಿ ಎಳೆಯುವಾಗ ಕೊಡದ ಪೂರಾ ಭಾರ ತೋಳಿಗೆ ಬರುತ್ತದೆ. ಎರಡೂ ತುದಿಗೆ ಒಂದೇ ತೂಕದ ತುಂಬಿದ ಕೊಡ ಕಟ್ಟಿದರೆ? ಒಂದು ಇಳಿಯುತ್ತ ಇನ್ನೊಂದನ್ನು ಏರಿಸುತ್ತದೆ. ರಾಟೆಯ ಕಿರುಗುಡುವ ತಡೆಯನ್ನು ಮೀರಿಸುವಷ್ಟು ಎಳೆದರೆ ಸಾಕು. ಏರುವ ಪೈಪಿನಿಂದ ಹಿಡಿದು ಇಳಿಯುವ ಪೈಪಿನವರೆಗೆ ಎಲ್ಲೂ ಗಾಳಿಯಿಲ್ಲದೆ ನೀರು ತುಂಬಿಕೊಂಡಿರುವ ಮುಚ್ಚಿದ ಸುತ್ತಿನಲ್ಲಿ ಹೀಗೆಯೇ ಆಗುತ್ತದೆ. ಇಳಿಯುವ ನೀರು ಏರುವ ನೀರನ್ನು ತೂಗುತ್ತದೆ. ಫಲಕ ಒಂದನೇ ಮಹಡಿಯಲ್ಲಿರಲಿ, ಮೂರನೇ ಮಹಡಿಯಲ್ಲಿರಲಿ, ಪಂಪು ಮೀರಬೇಕಾದದ್ದು ಪೈಪಿನ ತಿಕ್ಕಾಟವನ್ನು ಮಾತ್ರ.

ಇದಕ್ಕೊಂದು ಕರಾರಿದೆ. ಟ್ಯಾಂಕು ಬಾಯ್ತೆರೆದ ಡ್ರಮ್ಮಾಗಿದ್ದು, ಫಲಕ ಅದಕ್ಕಿಂತ ಮೇಲಿದ್ದರೆ, ಫಲಕದ ನೆತ್ತಿಯಲ್ಲಿ ನೀರಿನ ಒತ್ತಡ ಹೊರಗಿನ ಗಾಳಿಯ ಒತ್ತಡಕ್ಕಿಂತ ಕಡಿಮೆಯಾಗುತ್ತದೆ. ಸಡಿಲವಾದ ಜೋಡಣೆಯಿದ್ದರೆ ಅಲ್ಲಿಂದ ಗಾಳಿ ಒಳಗೆ ಸೇರುತ್ತದೆ. ಬಿಸಿನೀರು ತನ್ನೊಳಗೆ ಕರಗಿದ್ದ ಗಾಳಿಯನ್ನು ತಾನೇ ಬಿಡುತ್ತದೆ. ಕಂಬ ತುಂಡಾಗುತ್ತದೆ. ಪ್ಲಂಬರುಗಳು ಏರ್ ಲಾಕ್ ಎನ್ನುವುದು ಇದನ್ನೇ. ಕಂಬ ತುಂಡಾದ ಮರುಗಳಿಗೆ ರಾಟೆಯ ಇನ್ನೊಂದು ಕೊಡ ಕಳಚಿಬಿದ್ದಂತೆ. ಪಂಪು ಪೂರಾ ಎತ್ತರಕ್ಕೆ ನೀರೆತ್ತಬೇಕು. ಇದಕ್ಕೆ ಪರಿಹಾರ ಎರಡು. ಬಿಸಿನೀರಿನ ಟ್ಯಾಂಕನ್ನು ಮುಚ್ಚಿ, ಫಲಕಕ್ಕಿಂತ ಎತ್ತರದಲ್ಲಿರುವ ತಣ್ಣೀರ ಟ್ಯಾಂಕಿನಿಂದ ಅದಕ್ಕೆ ನೀರು ಕೊಡುವುದು, ಸುತ್ತಿನ ಅತಿ ಎತ್ತರದ ಜಾಗದಲ್ಲಿ ಗಾಳಿ ಹೋಗಲು ವೆಂಟ್ ಪೈಪನ್ನು ಆ ಟ್ಯಾಂಕಿಗಿಂತ ಮೇಲಕ್ಕೆ ಏರಿಸುವುದು ಮೊದಲನೆಯದು. ಅದು ಸಾಧ್ಯವಿಲ್ಲದಿದ್ದರೆ ಟ್ಯಾಂಕಿನ ನೀರಿನ ಮಟ್ಟದಿಂದ ಫಲಕದ ನೆತ್ತಿಯವರೆಗಿನ ಎತ್ತರವನ್ನು ಟೇಪು ಹಿಡಿದು ಅಳೆದು, ಅದಕ್ಕೂ ಮೇಲೆ ಒಂದೂವರೆ ಮೀಟರ್ ಹೆಡ್ ಇರುವ ಪಂಪನ್ನೇ ಕೊಳ್ಳುವುದು. ನೀರು ಹೆಪ್ಪುಗಟ್ಟುವ ಚಳಿ ದೇಶಗಳಲ್ಲಿ ರಾತ್ರಿ ಪಂಪು ನಿಂತೊಡನೆ ಫಲಕದ ನೀರೆಲ್ಲ ಕೆಳಗಿಳಿದು ಬರುವಂತೆ ಬೇಕೆಂದೇ ಮಾಡಿರುತ್ತಾರೆ. ಅಲ್ಲಿಯೂ ಪ್ರತಿ ಬೆಳಗ್ಗೆ ಪಂಪಿಗೆ ಪೂರಾ ಎತ್ತರದ ಕೆಲಸವಿರುತ್ತದೆ.

ನಮ್ಮ ಮನೆಯದು ಮುಚ್ಚಿದ ಸುತ್ತು. ಒಳಗಿನ ಅಗಲ 15 ಮಿಲಿಮೀಟರ್ ಇರುವ ಪೈಪಿನಲ್ಲಿ ನಿಮಿಷಕ್ಕೆ 2 ಲೀಟರ್ ಹರಿದರೆ 30 ಮೀಟರ್ ಉದ್ದಕ್ಕೆ ಆಗುವ ತಡೆ ಸುಮಾರು 15 ಸೆಂಟಿಮೀಟರ್ ನೀರಿನ ಒತ್ತಡ. ಎಲ್ಬೋ, ವಾಲ್ವ್, ಫಲಕದೊಳಗಿನ ಕೊಳವೆ ಎಲ್ಲ ಸೇರಿಸಿ ಧಾರಾಳವಾಗಿ ಹಿಡಿದರೂ ಅರ್ಧ ಮೀಟರ್. ಮುಂದೆ ಪಾಚಿ, ಸುಣ್ಣ ಕಟ್ಟಬಹುದೆಂದು ಇಮ್ಮಡಿ ಮಾಡಿ ಒಂದು ಮೀಟರ್ ಎನ್ನೋಣ. ಅದೇ ಪೈಪಿನಲ್ಲಿ ನಿಮಿಷಕ್ಕೆ 8 ಲೀಟರ್ ದೂಡಲು ಹೋದರೆ ಪೈಪಿನ ತಡೆಯೊಂದೇ ಒಂದೂವರೆ ಮೀಟರ್ ದಾಟುತ್ತದೆ. ಹರಿವು ನಾಲ್ಕು ಪಟ್ಟಾದರೆ ತಡೆ ಹತ್ತು ಪಟ್ಟಿಗೂ ಹೆಚ್ಚು.

ಈಗ ಕೆಲಸದ ಅಳತೆ ಸಿಕ್ಕಿತು: ನಿಮಿಷಕ್ಕೆ ಎರಡು ಕಿಲೋ ನೀರನ್ನು ಒಂದು ಮೀಟರ್ ಎತ್ತಿದಷ್ಟು. ವ್ಯಾಟಿನಲ್ಲಿ ಹೇಳಿದರೆ 0.33. ಪುಟ್ಟ ಪಂಪುಗಳು ತಾವು ಎಳೆದ ವಿದ್ಯುತ್ತಿನ ಬಹುಪಾಲನ್ನು ಕಳೆದುಕೊಳ್ಳುತ್ತವೆ. ಹತ್ತರಲ್ಲಿ ಒಂದು ಪಾಲಷ್ಟೇ ನೀರಿಗೆ ತಲುಪಿತೆಂದರೂ ನಾಲ್ಕೈದು ವ್ಯಾಟಿನ ಪಂಪು ಸಾಕು. ದಿನಕ್ಕೆ ಆರು ಗಂಟೆ ಓಡಿದರೆ ಅದು ತಿಂಗಳಿಗೆ ಒಂದು ಯೂನಿಟ್ಟನ್ನೂ ಮುಟ್ಟುವುದಿಲ್ಲ. ಅದೇ ಜಾಗದಲ್ಲಿ ಮನೆಯಲ್ಲಿ ಬಿದ್ದಿದ್ದ ಅರ್ಧ ಎಚ್‌ಪಿ ಮಾನೋಬ್ಲಾಕನ್ನು ಕೂರಿಸಿದರೆ ದಿನಕ್ಕೆ ಕಡಿಮೆಯೆಂದರೂ ಎರಡೂಕಾಲು ಯೂನಿಟ್. ಫಲಕ ಇಡೀ ದಿನ ದುಡಿದು ತಂದದ್ದು ಐದು ಯೂನಿಟ್. ಕರ್ನಾಟಕದಲ್ಲಿ ಸೋಲಾರ್ ಹೀಟರ್ ಹಾಕಿಸಿಕೊಂಡ ಮನೆಗಳಿಗೆ ವಿದ್ಯುತ್ ಬಿಲ್ಲಿನಲ್ಲಿ ಯೂನಿಟ್ಟಿಗೆ 50 ಪೈಸೆಯಂತೆ ತಿಂಗಳಿಗೆ 50 ರೂಪಾಯಿವರೆಗೆ ರಿಯಾಯಿತಿ ಕೊಡುತ್ತ ಬಂದದ್ದು ವಿದ್ಯುತ್ ಉಳಿಯಲೆಂದು. ಉಳಿದದ್ದನ್ನು ಪಂಪೇ ತಿಂದರೆ ಹೀಟರ್ ಕಟ್ಟಿದ ಶ್ರಮಕ್ಕೆ ಅರ್ಥ ಉಳಿಯುವುದಿಲ್ಲ.

ಮಾರುಕಟ್ಟೆಯಲ್ಲಿ ಕೈಗೆ ಸಿಗುವ ಸಣ್ಣ ಪಂಪುಗಳು ಮುಖ್ಯವಾಗಿ ಮೂರು ಬಗೆ. ಅತಿ ಅಗ್ಗದ್ದು ಕೂಲರ್ ಪಂಪು, ನೀರಿನಲ್ಲೇ ಮುಳುಗಿಸಿಡುವಂಥದ್ದು. ಹದಿನೆಂಟು ಇಪ್ಪತ್ತು ವ್ಯಾಟ್ ಎಳೆಯುತ್ತದೆ, ಒಂದೂವರೆ ಎರಡು ಮೀಟರ್ ಎತ್ತುತ್ತದೆ. ಲೆಕ್ಕದಲ್ಲಿ ಎಲ್ಲವೂ ಸರಿ ಎನಿಸಿ ಬಹಳ ಜನ ಇದಕ್ಕೇ ಕೈಹಾಕುತ್ತಾರೆ. ಆದರೆ ಅದನ್ನು ಮಾಡಿರುವುದು ಕೂಲರಿನ ತಣ್ಣೀರಿಗೆ. ಅರವತ್ತು ಡಿಗ್ರಿಯ ನೀರಿನಲ್ಲಿ ಅದರ ಪ್ಲಾಸ್ಟಿಕ್ ಮೈ ಮೆತ್ತಗಾಗಿ ಸೊಟ್ಟಗಾಗುತ್ತದೆ, ವೈರಿನ ಹೊದಿಕೆ ಬಿರಿಯುತ್ತದೆ. ಮನೆಮಂದಿ ಮೈಮೇಲೆ ಸುರಿದುಕೊಳ್ಳುವ ನೀರಿನೊಳಗೆ 230 ವೋಲ್ಟ್‌ನ ವೈರು ಬಿರಿಯುವುದೆಂದರೆ ಏನೆಂದು ಬಿಡಿಸಿ ಹೇಳಬೇಕಿಲ್ಲ. ಕೂಲರ್ ಪಂಪು ಈ ಕೆಲಸಕ್ಕೆ ಬೇಡವೇ ಬೇಡ.

ಎರಡನೆಯದು ಸರ್ಕ್ಯುಲೇಶನ್ ಪಂಪು. ಚಳಿ ದೇಶಗಳ ಮನೆಗಳಲ್ಲಿ ಗೋಡೆಗುಂಟ ಬಿಸಿನೀರು ಹರಿಸಿ ಕೋಣೆ ಬೆಚ್ಚಗಿಡುವ ವ್ಯವಸ್ಥೆಗೆಂದೇ ಬೆಳೆದು ಬಂದದ್ದು. ಪೈಪಿನ ನಡುವೆಯೇ ಕೂರುತ್ತದೆ, ಸದ್ದಿಲ್ಲ, ನೂರು ಡಿಗ್ರಿಯ ಹತ್ತಿರದ ನೀರನ್ನೂ ತಾಳುತ್ತದೆ. ಇದರೊಳಗೆ ತಿರುಗುವ ಭಾಗ ನೀರಿನಲ್ಲೇ ಮುಳುಗಿರುತ್ತದೆ. ನೀರೇ ಅದಕ್ಕೆ ಎಣ್ಣೆ. ಹಾಗಾಗಿ ಒಣಗಿದಾಗ ಓಡಿಸಿದರೆ ಬೇಗ ಸವೆದುಹೋಗುತ್ತದೆ. ಕೂರಿಸುವಾಗ ಅದರ ಶಾಫ್ಟ್ ನೆಲಕ್ಕೆ ಸಮನಾಗಿ ಅಡ್ಡವಿರಬೇಕು. ನೆಟ್ಟಗೆ ನಿಲ್ಲಿಸಿದರೆ ಮೇಲಿನ ಬೇರಿಂಗಿನಲ್ಲಿ ಗಾಳಿ ಸೇರಿ ಅದು ಒಣಗುತ್ತದೆ. ಮೈಮೇಲೆ 25-60 ಎಂದು ಬರೆದಿದ್ದರೆ ಮೊದಲನೆಯದು ಪೈಪಿನ ಅಳತೆ, ಎರಡನೆಯದು ಡೆಸಿಮೀಟರಿನಲ್ಲಿ ಹೆಡ್, ಅಂದರೆ 6 ಮೀಟರ್. ನಮ್ಮ ಮನೆಗೆ ಇದು ಹೆಚ್ಚಾಯಿತು. ಇದೇ ಜಾತಿಯಲ್ಲಿ ಸಿಗುವ ಅತಿ ಚಿಕ್ಕದನ್ನು ಕೊಂಡು, ಮೂರು ವೇಗದ ಸ್ವಿಚ್ಚಿದ್ದರೆ ಒಂದರಲ್ಲಿಟ್ಟರೆ ಸಾಕು. ನೋಡಲು ತದ್ರೂಪ ಹೀಗೇ ಇರುವ ಪ್ರೆಶರ್ ಬೂಸ್ಟರ್ ಪಂಪುಗಳೂ ಅಂಗಡಿಯಲ್ಲಿ ಪಕ್ಕದಲ್ಲೇ ಇರುತ್ತವೆ. ಶವರಿಗೆ ರಭಸ ಕೊಡಲು ಮಾಡಿದ ಅವು ಹತ್ತಾರು ಮೀಟರ್ ಹೆಡ್ಡಿನವು. ಅವನ್ನು ತರಬಾರದು.

ಮೂರನೆಯದು 12 ವೋಲ್ಟಿನ ಬ್ರಷ್‌ಲೆಸ್ ಡಿಸಿ ಪಂಪು. ಅಂಗೈಯೊಳಗೆ ಕೂರುವಷ್ಟು ಚಿಕ್ಕದು. ಐದಾರು ವ್ಯಾಟ್ ಎಳೆಯುವ ಮಾದರಿಯೇ ಎರಡು ಮೂರು ಮೀಟರ್ ಹೆಡ್ ಕೊಡುತ್ತದೆ. ಒಂದೆರಡು ಫಲಕದ ಮನೆಗೆ ಇದೇ ಅತ್ಯುತ್ತಮ ಆಯ್ಕೆ. ಕೊಳ್ಳುವಾಗ ಒಂದು ವಿಷಯ ನೋಡಲೇಬೇಕು: ಹೊರಗಿನಿಂದ ಒಂದೇ ತೆರನಾಗಿರುವ ಪಂಪುಗಳಲ್ಲಿ ಕೆಲವು 60 ಡಿಗ್ರಿಯವರೆಗೆ, ಕೆಲವು 100 ಡಿಗ್ರಿಯವರೆಗೆ ತಾಳುವಂಥವು. ನೂರರದ್ದೇ ಬೇಕು.

ಪಂಪಿನ ಚೀಟಿಯನ್ನು ಓದುವ ಕ್ರಮವನ್ನೂ ತಿಳಿದಿರಬೇಕು. ‘ಹೆಡ್ 3 ಮೀಟರ್, ಹರಿವು ನಿಮಿಷಕ್ಕೆ 8 ಲೀಟರ್’ ಎಂದಿದ್ದರೆ ಆ ಪಂಪು 3 ಮೀಟರ್ ಎತ್ತರಕ್ಕೆ 8 ಲೀಟರ್ ಕೊಡುತ್ತದೆಂದು ಅರ್ಥವಲ್ಲ. ಮೂರು ಮೀಟರಿನಲ್ಲಿ ಹರಿವು ಸೊನ್ನೆ. 8 ಲೀಟರ್ ಸಿಗುವುದು ಎತ್ತರವೇ ಇಲ್ಲದಾಗ. ನಿಜವಾದ ಕೆಲಸ ಎರಡರ ನಡುವೆ ಎಲ್ಲೋ ನಡೆಯುತ್ತದೆ. ಆದ್ದರಿಂದ ನಮಗೆ ಬೇಕಾದ ಹೆಡ್ಡಿನ ಎರಡು ಮೂರು ಪಟ್ಟು, ಬೇಕಾದ ಹರಿವಿನ ಎರಡು ಮೂರು ಪಟ್ಟು ಚೀಟಿಯಲ್ಲಿದ್ದರೆ ಧೈರ್ಯವಾಗಿ ಕೊಳ್ಳಬಹುದು. ಚೀಟಿಯ ಮೇಲೆ ನಂಬಿಕೆ ಬಾರದವರಿಗೆ ಮನೆಯಲ್ಲೇ ಮಾಡುವ ಪರೀಕ್ಷೆಯಿದೆ. ಪಂಪಿನ ಡೆಲಿವರಿಗೆ ಪಾರದರ್ಶಕ ಹೋಸ್ ಸಿಕ್ಕಿಸಿ ಚಾಲೂ ಮಾಡಿ ತುದಿಯನ್ನು ಮೇಲಕ್ಕೆತ್ತುತ್ತ ಹೋಗಬೇಕು. ನೀರು ಹೊರಗೆ ಬೀಳುವುದು ನಿಂತ ಎತ್ತರವೇ ಅದರ ನಿಜವಾದ ಹೆಡ್. ಟ್ಯಾಂಕು ಬಾಯ್ತೆರೆದದ್ದಾದರೆ, ಎಲ್ಲ ಜೋಡಿಸಿದ ಮೇಲೆ ಫಲಕದಿಂದ ಟ್ಯಾಂಕಿಗೆ ಬರುವ ತುದಿಯನ್ನು ಟ್ಯಾಂಕಿನ ನೀರಿನ ಮಟ್ಟದಲ್ಲೇ ಇಟ್ಟು, ಒಂದು ಲೀಟರ್ ಬಾಟಲಿಗೆ ಹಿಡಿದು ನೋಡಬಹುದು. ಮೂವತ್ತು ಸೆಕೆಂಡಿನಲ್ಲಿ ತುಂಬಿದರೆ ನಿಮಿಷಕ್ಕೆ ಎರಡು ಲೀಟರ್.

ಇದಕ್ಕಿಂತ ಸುಲಭದ ಪರೀಕ್ಷೆ ಥರ್ಮಾಮೀಟರಿನದು. ಬಿರುಬಿಸಿಲಿನ ಮಧ್ಯಾಹ್ನ ಫಲಕಕ್ಕೆ ಹೋಗುವ ನೀರಿಗೂ ಬರುವ ನೀರಿಗೂ 7ರಿಂದ 10 ಡಿಗ್ರಿ ವ್ಯತ್ಯಾಸವಿದ್ದರೆ ಪಂಪು ಸರಿಯಾಗಿದೆ. ಒಂದೆರಡು ಡಿಗ್ರಿ ಮಾತ್ರವೆಂದರೆ ಹರಿವು ಅತಿಯಾಯಿತು. ಮೂವತ್ತು ದಾಟಿದರೆ ಎಲ್ಲೋ ಗಾಳಿ ಕೂತಿದೆ ಅಥವಾ ಕಸ ಕಟ್ಟಿದೆ.

ಲೋಹದ ವಿಷಯದಲ್ಲಿ ತಪ್ಪಿದರೆ ವರ್ಷದೊಳಗೆ ಗೊತ್ತಾಗುತ್ತದೆ. ಬೀಡು ಕಬ್ಬಿಣದ ಮೈಯ ಸರ್ಕ್ಯುಲೇಶನ್ ಪಂಪು ಒಂದೇ ನೀರು ಸುತ್ತುತ್ತಲೇ ಇರುವ ವ್ಯವಸ್ಥೆಗೆ ಮಾಡಿದ್ದು. ಅಲ್ಲಿ ನೀರಿನಲ್ಲಿದ್ದ ಆಮ್ಲಜನಕ ಬೇಗ ಮುಗಿದು ತುಕ್ಕು ನಿಲ್ಲುತ್ತದೆ. ದಿನವೂ ಹೊಸ ನೀರು ಬಂದು ಸ್ನಾನಕ್ಕೆ ಹೋಗುವ ಟ್ಯಾಂಕಿಗೆ ಅದನ್ನು ಜೋಡಿಸಿದರೆ ದಿನವೂ ಹೊಸ ಆಮ್ಲಜನಕ ಸಿಗುತ್ತದೆ, ಬಕೆಟ್ಟಿನಲ್ಲಿ ಕೆಂಪು ನೀರು ಬೀಳುತ್ತದೆ. ಇಂಥ ಕಡೆ ಕಂಚು ಅಥವಾ ಸ್ಟೇನ್‌ಲೆಸ್ ಸ್ಟೀಲ್ ಮೈಯದೇ ಬೇಕು. ಬಯಲುಸೀಮೆಯ ಬೋರ್‌ವೆಲ್ ನೀರಿಗೆ ಇನ್ನೊಂದು ತೊಂದರೆ. ಗಡಸು ನೀರು 60 ಡಿಗ್ರಿ ದಾಟಿದಂತೆ ಸುಣ್ಣವನ್ನು ಬೇಗ ಬೇಗ ಬಿಡುತ್ತದೆ. ಫಲಕದ ಕೊಳವೆಗಿಂತ ಮೊದಲು ಪಂಪಿನೊಳಗಿನ ಕೂದಲೆಳೆಯಷ್ಟು ಸಂದು ಕಟ್ಟಿಕೊಳ್ಳುತ್ತದೆ. ಅಂಥ ಊರಿನವರು ಟ್ಯಾಂಕಿನೊಳಗೆ ತಾಮ್ರದ ಸುರುಳಿ ಇಳಿಸಿ, ಫಲಕಕ್ಕೂ ಸುರುಳಿಗೂ ನಡುವೆ ಮಳೆನೀರನ್ನೇ ಸುತ್ತಿಸುವುದು ಜಾಣತನ. ಸ್ನಾನದ ನೀರು ಸುರುಳಿಯ ಹೊರಗಿರುತ್ತದೆ. ಪಂಪಿಗೆ ಸುಣ್ಣದ ಕಾಟವಿಲ್ಲ, ತುಕ್ಕಿನ ಕಾಟವೂ ಇಲ್ಲ. ಬೈಲಿಯ ಹೀಟರೂ ಕೊನೆಗೆ ಇಲ್ಲಿಗೇ ಬಂದು ನಿಂತಿತು. ಕ್ಯಾಲಿಫೋರ್ನಿಯಾದಲ್ಲಿ 1913ರ ಚಳಿಗೆ ನೀರು ಹೆಪ್ಪುಗಟ್ಟಿ ಕೊಳವೆಗಳು ಒಡೆದ ಮೇಲೆ ಆತ ಫಲಕಕ್ಕೆ ಆಲ್ಕೋಹಾಲ್ ಬೆರೆಸಿದ ನೀರು ತುಂಬಿ, ಟ್ಯಾಂಕಿನೊಳಗೆ ಸುರುಳಿ ಇಳಿಸಿದ.

ಪಂಪು ಕೂರುವ ಜಾಗ ಯಾವಾಗಲೂ ತಣ್ಣನೆಯ ಪೈಪಿನಲ್ಲಿ: ಟ್ಯಾಂಕಿನ ತಳದಿಂದ ಹೊರಟು ಫಲಕದ ಬುಡಕ್ಕೆ ಹೋಗುವ ದಾರಿಯಲ್ಲಿ, ಟ್ಯಾಂಕಿನ ನೀರಿನ ಮಟ್ಟಕ್ಕಿಂತ ಕೆಳಗೆ. ಬಿಸಿನೀರನ್ನು ಹೀರಿ ಎತ್ತುವುದು ಕಷ್ಟ. ಹೀರುವ ಒತ್ತಡಕ್ಕೆ ಅದು ಪಂಪಿನೊಳಗೇ ಗುಳ್ಳೆಯೆದ್ದು ಆವಿಯಾಗತೊಡಗುತ್ತದೆ. ಪಂಪಿನ ಎರಡೂ ಬದಿಗೆ ಒಂದೊಂದು ವಾಲ್ವ್ ಹಾಕಿಸಿದರೆ ಮುಂದೆ ಅದನ್ನು ಬಿಚ್ಚುವಾಗ ಟ್ಯಾಂಕು ಖಾಲಿ ಮಾಡಬೇಕಿಲ್ಲ. ಎನ್‌ಆರ್‌ವಿ (ನೀರು ಹಿಂದಕ್ಕೆ ಹರಿಯದಂತೆ ತಡೆಯುವ ವಾಲ್ವ್) ಮರೆಯಲೇಬಾರದು. ಫಲಕ ಟ್ಯಾಂಕಿಗಿಂತ ಮೇಲಿದ್ದರೆ ರಾತ್ರಿ ಹೊತ್ತು ಟ್ಯಾಂಕಿನ ಬಿಸಿನೀರು ತಾನಾಗಿ ಮೇಲೇರಿ, ಫಲಕದಲ್ಲಿ ತಣ್ಣಗಾಗಿ ಕೆಳಗಿಳಿಯುತ್ತದೆ. ಹಗಲು ನಮಗೆ ಸಾಲದಾಗಿದ್ದ ಅದೇ ಬೆರಳಗಲದ ಒತ್ತಡ ರಾತ್ರಿ ಕೆಲಸ ಕೆಡಿಸುತ್ತದೆ. ಹಗುರ ಸ್ಪ್ರಿಂಗಿನ ಎನ್‌ಆರ್‌ವಿ ಒಂದಿದ್ದರೆ ನಿಲ್ಲುತ್ತದೆ. ಪೈಪಿನ ಹೊದಿಕೆಯೂ ಪಂಪಿನಷ್ಟೇ ಮುಖ್ಯ. ಬತ್ತಲೆ ಪೈಪು ಬಿಸಿಯಾಗಿದ್ದಾಗ ಮೀಟರಿಗೆ ಹತ್ತು ಹದಿನೈದು ವ್ಯಾಟ್ ಗಾಳಿಗೆ ಚೆಲ್ಲುತ್ತದೆ. ಮೂವತ್ತು ಮೀಟರಿಗೆ ಗುಣಿಸಿ ನೋಡಿದರೆ ಫಲಕ ಹಿಡಿದದ್ದರಲ್ಲಿ ಮೂರನೇ ಒಂದು ಪಾಲು ದಾರಿಯಲ್ಲೇ ಹೋಯಿತು.

ಪಂಪನ್ನು ಯಾವಾಗ ಹಾಕಬೇಕು, ಯಾವಾಗ ಆರಿಸಬೇಕು? ಟೈಮರ್ ಇಟ್ಟರೆ ಮೋಡದ ದಿನವೂ ಓಡಿ ಟ್ಯಾಂಕನ್ನು ತಣ್ಣಗೆ ಮಾಡುತ್ತದೆ. ಫಲಕದ ನೆತ್ತಿಯಲ್ಲಿ ಒಂದು, ಟ್ಯಾಂಕಿನ ತಳದಲ್ಲಿ ಒಂದು ಸೆನ್ಸರ್ ಇಟ್ಟು, ಎರಡರ ನಡುವೆ 8 ಡಿಗ್ರಿ ವ್ಯತ್ಯಾಸ ಬಂದಾಗ ಪಂಪು ಚಾಲೂ, 3ಕ್ಕೆ ಇಳಿದಾಗ ಬಂದ್ ಆಗುವ ಕಂಟ್ರೋಲರ್ ಸರಿಯಾದದ್ದು. ಅದಕ್ಕಿಂತ ಸರಳವಾದದ್ದು ಹತ್ತು ವ್ಯಾಟಿನ ಚಿಕ್ಕ ಸೋಲಾರ್ ವಿದ್ಯುತ್ ಫಲಕವನ್ನು ನೇರವಾಗಿ 12 ವೋಲ್ಟ್ ಪಂಪಿಗೆ ಕೊಡುವುದು. ಬಿಸಿಲು ಏರಿದಂತೆ ಪಂಪಿನ ವೇಗ ಏರುತ್ತದೆ, ಮೋಡ ಮುಚ್ಚಿದರೆ ತಾನೇ ನಿಧಾನವಾಗುತ್ತದೆ, ಸಂಜೆ ನಿಲ್ಲುತ್ತದೆ. 12 ವೋಲ್ಟಿನದೆಂದು ಮಾರುವ ಫಲಕ ಪೂರಾ ಬಿಸಿಲಿನಲ್ಲಿ 18ರಿಂದ 21 ವೋಲ್ಟ್ ಕೊಡುವುದರಿಂದ ನಡುವೆ ವೋಲ್ಟೇಜ್ ಇಳಿಸುವ ಪುಟ್ಟ ಮಾಡ್ಯೂಲ್ ಬೇಕಾದೀತು.

ಈ ನೇರ ಜೋಡಣೆಗೆ ನಮ್ಮ ಹಳ್ಳಿಗಳಲ್ಲಿ ಇನ್ನೊಂದು ಬಲವಾದ ಕಾರಣವಿದೆ. ನಡುಮಧ್ಯಾಹ್ನ ಕರೆಂಟ್ ಹೋದರೆ ಮನೆಯ ವಿದ್ಯುತ್ತಿನಿಂದ ಓಡುವ ಪಂಪು ನಿಲ್ಲುತ್ತದೆ, ಬಿಸಿಲು ನಿಲ್ಲುವುದಿಲ್ಲ. ನೀರು ಹರಿಯದ ಫಲಕ ಸ್ವಲ್ಪ ಹೊತ್ತಿನಲ್ಲೇ ನೂರು ಡಿಗ್ರಿ ಮೀರುತ್ತದೆ. ಚೆನ್ನಾಗಿ ಕಟ್ಟಿದ ಗಾಜಿನ ಫಲಕ 150 ಡಿಗ್ರಿಯನ್ನೂ ದಾಟಬಲ್ಲದು. ಪಿವಿಸಿ ಪೈಪು 60ರ ಆಚೆಗೆ ನಂಬಿಕೆಗೆ ಅರ್ಹವಲ್ಲ. ಸಿಪಿವಿಸಿ 90ರ ಆಸುಪಾಸಿಗೆ ಸೋಲುತ್ತದೆ. ಹೀಗಾಗಿ ಫಲಕಕ್ಕೆ ತಾಗಿದ ಮೊದಲ ಒಂದೆರಡು ಮೀಟರ್ ತಾಮ್ರ ಅಥವಾ ಜಿಐ ಇರಬೇಕು, ಆವಿ ಹೊರಹೋಗಲು ವೆಂಟ್ ಇರಬೇಕು. ಬಿಸಿಲಿನಿಂದಲೇ ಓಡುವ ಪಂಪಿಗೆ ಲೋಡ್‌ಶೆಡ್ಡಿಂಗ್ ಎಂಬುದೇ ಇಲ್ಲ.

ಜೂನ್ ಬಂದೊಡನೆ ಮಲೆನಾಡಿನಲ್ಲಿ ಬಚ್ಚಲೊಲೆಗೆ ಮತ್ತೆ ಉರಿ ಬೀಳುತ್ತದೆ, ಫಲಕಕ್ಕೆ ತಿಂಗಳುಗಟ್ಟಲೆ ರಜೆ. ನಿಂತ ಪಂಪಿನೊಳಗೆ ಸುಣ್ಣ, ತುಕ್ಕು ಕೂತು ಅದು ಕಚ್ಚಿಕೊಳ್ಳುತ್ತದೆ. ವಾರಕ್ಕೊಮ್ಮೆ ಐದು ನಿಮಿಷ ಓಡಿಸಿದರೆ ಈ ತಾಪತ್ರಯ ಬಾರದು. ಕಚ್ಚಿಕೊಂಡದ್ದೇ ಆದರೆ ಕೆಲವು ಸರ್ಕ್ಯುಲೇಶನ್ ಪಂಪುಗಳ ಮುಂಭಾಗದ ದೊಡ್ಡ ಸ್ಕ್ರೂ ಬಿಚ್ಚಿ, ಒಳಗಿನ ಶಾಫ್ಟನ್ನು ಸ್ಕ್ರೂಡ್ರೈವರಿನಿಂದ ಒಂದು ಸುತ್ತು ತಿರುಗಿಸಿದರೆ ಮತ್ತೆ ಎದ್ದೇಳುತ್ತದೆ. ಇದನ್ನು ಕರೆಂಟ್ ತೆಗೆದೇ ಮಾಡಬೇಕು.

ಕೊನೆಗೆ ಓದುಗರಲ್ಲಿ ಒಂದು ವಿನಂತಿ. ಮನೆಯಲ್ಲಿ ಕೈಯಾರೆ ಕಟ್ಟುವ ಹೀಟರಿನಲ್ಲಿ ಫಲಕ ಸೋರಿದರೆ ಮತ್ತೆ ಬೆಸುಗೆ ಹಾಕಬಹುದು, ಪಂಪು ಚಿಕ್ಕದಾದರೆ ಬದಲಿಸಬಹುದು. ಬಚ್ಚಲ ನೀರಿಗೆ ಕರೆಂಟ್ ತಾಗಿದರೆ ಸರಿಪಡಿಸಲು ಏನೂ ಉಳಿಯುವುದಿಲ್ಲ. ಆದಷ್ಟೂ 12 ವೋಲ್ಟಿನ ಪಂಪನ್ನೇ ಆರಿಸಿ. 230 ವೋಲ್ಟಿನದೇ ಅನಿವಾರ್ಯವಾದರೆ ಸರಿಯಾದ ಅರ್ಥಿಂಗ್ ಮಾಡಿಸಿ, ಕರೆಂಟ್ ಸೋರಿದೊಡನೆ ಸಂಪರ್ಕ ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಹಾಕಿಸಿ, ಅದರ ಟೆಸ್ಟ್ ಬಟನ್ ಒತ್ತಿ ಅದು ಬೀಳುವುದನ್ನು ಕಣ್ಣಾರೆ ನೋಡಿದ ಮೇಲೆಯೇ ಮನೆಯವರನ್ನು ಸ್ನಾನಕ್ಕೆ ಕಳಿಸಿ.